ಉಳಿಸಿಕೊಳ್ಳುವವರ ತತ್ತ್ವ: ರೋಜರ್ ಸ್ಕ್ರೂಟನ್ ಅವರನ್ನು ಕೊಡಗಿನಿಂದ ಓದುವುದು

ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞ ರೋಜರ್ ಸ್ಕ್ರೂಟನ್ 2020ರ ಜನವರಿ 12ರಂದು, 75ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಹೆಸರಿನ ಹಿಂದೆ ತಪ್ಪದೆ ಬರುವ ವಿಶೇಷಣ ‘ಕನ್ಸರ್ವೇಟಿವ್’. ವಿರಾಜಪೇಟೆಯಲ್ಲಿ ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಪಾಠ ಮಾಡುವ ನಾನು ಈ ಪದವನ್ನು ಕನ್ನಡದಲ್ಲಿ ಏನೆಂದು ಹೇಳುವಿರಿ ಎಂದು ಪ್ರತಿ ವರ್ಷವೂ ವಿದ್ಯಾರ್ಥಿಗಳನ್ನು ಕೇಳುತ್ತೇನೆ. ಒಬ್ಬರು ಸಂಪ್ರದಾಯವಾದಿ ಎನ್ನುತ್ತಾರೆ, ಇನ್ನೊಬ್ಬರು ಮಡಿವಂತ ಎನ್ನುತ್ತಾರೆ, ಮತ್ತೊಬ್ಬರು ಬಲಪಂಥೀಯ ಎನ್ನುತ್ತಾರೆ. ಮೂರರಲ್ಲಿಯೂ ಅಷ್ಟಿಷ್ಟು ಸತ್ಯವಿದೆ. ಆದರೆ ಮೂರನ್ನು ಕೂಡಿಸಿದರೂ ಸ್ಕ್ರೂಟನ್ ನಮ್ಮ ಕೈಗೆ ಸಿಗುವುದಿಲ್ಲ. ಆ ಪದದ ಬೇರಿನಲ್ಲಿರುವ ಕ್ರಿಯೆ ಉಳಿಸಿಕೊಳ್ಳುವುದು, ಕಾಪಿಡುವುದು. ಕಾಡು, ನದಿ, ಹಳೆಯ ಕಟ್ಟಡಗಳನ್ನು ಕಾಪಾಡುವ ಕೆಲಸಕ್ಕೂ ಇಂಗ್ಲಿಷಿನಲ್ಲಿ ಅದೇ ಬೇರಿನಿಂದ ಹುಟ್ಟಿದ ‘ಕನ್ಸರ್ವೇಷನ್’ ಎಂಬ ಪದವಿದೆ. ರಾಜಕೀಯದ ಆ ಪದವೂ ಪರಿಸರದ ಈ ಪದವೂ ಒಂದೇ ಮನೋಧರ್ಮದ ಎರಡು ಹೆಸರುಗಳು ಎಂದು ತೋರಿಸಲು ಸ್ಕ್ರೂಟನ್ ಬಹಳ ಶ್ರಮಪಟ್ಟರು. ಐನ್‌ಮನೆ (ಕುಲದ ಮೂಲಮನೆ), ದೇವರಕಾಡು (ದೇವರಿಗೆ ಬಿಟ್ಟ ಕಾಡು), ಜಮ್ಮಾ ಬಾಣೆಗಳ (ವಂಶಪಾರಂಪರ್ಯವಾಗಿ ಬಂದ ಮರಗಾಡಿನ ಜಮೀನು) ನಡುವೆ ಬೆಳೆದ ಕೊಡಗಿನ ಓದುಗರಿಗೆ ಅವರ ವಾದ ಸುಲಭವಾಗಿ ಅರ್ಥವಾಗುತ್ತದೆ. ಆ ವಾದ ಎಲ್ಲಿ ಬಿರುಕು ಬಿಡುತ್ತದೆ ಎಂಬುದೂ ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಸ್ಕ್ರೂಟನ್ 1944ರ ಫೆಬ್ರವರಿ 27ರಂದು ಲಿಂಕನ್‌ಶೈರ್‌ನಲ್ಲಿ ಹುಟ್ಟಿದರು, ಬೆಳೆದದ್ದು ಹೈ ವಿಕಂಬ್ ಎಂಬ ಊರಿನಲ್ಲಿ. ತಂದೆ ಜ್ಯಾಕ್ ಸ್ಕ್ರೂಟನ್ ಶಾಲಾ ಶಿಕ್ಷಕ, ಮ್ಯಾಂಚೆಸ್ಟರ್‌ನ ಕಾರ್ಮಿಕ ಕೇರಿಯಿಂದ ಬಂದವರು, ಲೇಬರ್ ಪಕ್ಷದ ಕಟ್ಟಾ ಬೆಂಬಲಿಗರು, ಮೇಲ್ವರ್ಗವನ್ನು ಕಂಡರೆ ಕನಲುವವರು. ಆದರೆ ತಮ್ಮ ಊರಿನ ಹಳೆಯ ಬೀದಿಗಳನ್ನು ಕೆಡವಿ ಕಾಂಕ್ರೀಟು ಕಟ್ಟಲು ಹೊರಟವರ ವಿರುದ್ಧ ನಿಂತವರೂ ಅವರೇ. ತಂದೆ–ಮಗನ ಸಂಬಂಧ ಹದಗೆಟ್ಟಿತ್ತು. ಆದರೂ ಊರನ್ನು ಉಳಿಸಿಕೊಳ್ಳುವ ಹಟವನ್ನು ತಾನು ಪಡೆದದ್ದು ತಂದೆಯಿಂದಲೇ ಎಂಬುದನ್ನು ಮಗ ಮುಂದೆ ಕೃತಜ್ಞತೆಯಿಂದ ಬರೆದರು. ಈ ಸಂಗತಿಯನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಉಳಿಸಿಕೊಳ್ಳುವ ಮನಸ್ಸು ಒಂದು ಪಕ್ಷದ ಸೊತ್ತಲ್ಲ. ಶ್ರೀಮಂತರಿಗೆ ಮಾತ್ರ ಬರುವ ಭಾವವೂ ಅಲ್ಲ.

ಕೇಂಬ್ರಿಡ್ಜ್‌ನಲ್ಲಿ ತತ್ತ್ವಶಾಸ್ತ್ರ ಓದಿದ ಯುವಕ 1968ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿದ್ದರು. ಕಿಟಕಿಯ ಕೆಳಗಿನ ಬೀದಿಯಲ್ಲಿ ವಿದ್ಯಾರ್ಥಿಗಳು ಕಾರುಗಳನ್ನು ಮಗುಚಿ, ಕಲ್ಲುಗಳನ್ನು ಕಿತ್ತು ಪೊಲೀಸರತ್ತ ಎಸೆಯುತ್ತಿದ್ದರು. ಕೆಡವುತ್ತಿರುವುದರ ಜಾಗದಲ್ಲಿ ಏನನ್ನು ನಿಲ್ಲಿಸುವಿರಿ ಎಂಬುದಕ್ಕೆ ಆ ಗೆಳೆಯರಿಂದ ತನಗೆ ಒಪ್ಪುವ ಉತ್ತರ ಸಿಗಲಿಲ್ಲವೆಂದೂ, ತಾನು ಎದುರು ಪಕ್ಷದವನೆಂಬುದು ಅಂದು ಮನದಟ್ಟಾಯಿತೆಂದೂ ಸ್ಕ್ರೂಟನ್ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಆಗ ಅವರಿಗೆ 24 ವರ್ಷ.

ಅವರ ಚಿಂತನೆಯ ತಿರುಳನ್ನು ಹೀಗೆ ಹೇಳಬಹುದು. ನಮ್ಮ ಬಾಳಿನಲ್ಲಿ ಬೆಲೆಯುಳ್ಳ ವಸ್ತುಗಳಲ್ಲಿ ಹೆಚ್ಚಿನವು ನಾವು ಮಾಡಿದವಲ್ಲ: ಭಾಷೆ, ಕಾನೂನು, ಊರು, ಹಬ್ಬ, ಹಾಡು, ಒಬ್ಬರನ್ನೊಬ್ಬರು ನಂಬುವ ರೂಢಿ. ಇವು ಅನೇಕ ತಲೆಮಾರುಗಳ ತಪ್ಪು ಒಪ್ಪುಗಳಿಂದ ನಿಧಾನವಾಗಿ ಕೂಡಿಬಂದವು. ಕಟ್ಟುವುದಕ್ಕೆ ನೂರು ವರ್ಷ ಬೇಕು, ಕೆಡವುವುದಕ್ಕೆ ಒಂದು ಮಳೆಗಾಲ ಸಾಕು. ಆದ್ದರಿಂದ ಇಂದು ಬದುಕಿರುವವರು ಇವುಗಳ ಒಡೆಯರಲ್ಲ, ಪಾಲಕರು. ಈ ಮಾತಿನ ಮೂಲ ಎಡ್ಮಂಡ್ ಬರ್ಕ್ ಅವರಲ್ಲಿದೆ. ಡಬ್ಲಿನ್‌ನಲ್ಲಿ ಹುಟ್ಟಿ ಬ್ರಿಟಿಷ್ ಸಂಸತ್ತಿನ ಸದಸ್ಯರಾಗಿದ್ದ ಬರ್ಕ್ ಫ್ರಾನ್ಸಿನ ಕ್ರಾಂತಿಯನ್ನು ಕುರಿತು 1790ರಲ್ಲಿ ಬರೆಯುತ್ತ, ಸಮಾಜವೆಂದರೆ ಬದುಕಿರುವವರು, ಸತ್ತವರು ಮತ್ತು ಇನ್ನು ಹುಟ್ಟಬೇಕಾದವರ ನಡುವಿನ ಪಾಲುದಾರಿಕೆ ಎಂದರು. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಭಾರತದಲ್ಲಿ ನಡೆಸಿದ ದಬ್ಬಾಳಿಕೆಯ ವಿರುದ್ಧ ಸಂಸತ್ತಿನಲ್ಲಿ 1788ರಿಂದ 1795ರವರೆಗೆ ನಡೆದ ವಿಚಾರಣೆಯ ಮುಂಚೂಣಿಯಲ್ಲಿದ್ದವರೂ ಇದೇ ಬರ್ಕ್. ಪರದೇಶದ ಜನರ ಪರಂಪರೆಯನ್ನು ಒಂದು ಕಂಪನಿ ತುಳಿದುಹಾಕುವುದು ಅವರಿಗೆ ಕ್ರಾಂತಿಕಾರರ ಧ್ವಂಸದಷ್ಟೇ ಹೇಯವಾಗಿತ್ತು.

ಸತ್ತವರ ಪಾಲುದಾರಿಕೆ ಎಂಬ ಮಾತು ಬೇರೆಡೆ ಅಲಂಕಾರದ ಹಾಗೆ ಕೇಳಿಸೀತು. ಕೊಡಗಿನಲ್ಲಿ ಅದು ವರ್ಷಕ್ಕೊಮ್ಮೆ ನಡೆಯುವ ಕಾರ್ಯ. ಒಕ್ಕದವರೆಲ್ಲ (ಒಂದೇ ಕುಲದವರು) ಐನ್‌ಮನೆಯಲ್ಲಿ ಸೇರಿ ‘ಕಾರೋಣಂಗ್ ಕೊಡ್‌ಪ’ ದಿನ ಹಿರಿಯರ ಗುಡಿಯಾದ ಕೈಮಡದಲ್ಲಿ ಅವರಿಗೆ ಅನ್ನ, ಮಾಂಸ, ಮದ್ಯಗಳ ಎಡೆಯಿಟ್ಟು ಅನಂತರ ತಾವು ಉಣ್ಣುತ್ತಾರೆ. ನೆಲ್ಲಕ್ಕಿ ಬಾಡೆಯ (ಐನ್‌ಮನೆಯ ನಡುಮನೆ) ತೂಗುದೀಪದ ಮುಂದೆ ನಿಂತು ಹೊಸ ಮದುಮಕ್ಕಳು ಅಕ್ಕಿ ಹಾಕುವಾಗ ಸಾಕ್ಷಿಗಳಲ್ಲಿ ಹೆಚ್ಚಿನವರು ಕಣ್ಣಿಗೆ ಕಾಣುವವರಲ್ಲ. ಜಮ್ಮಾ ಭೂಮಿಯ ಕಲ್ಪನೆಯೂ ಇದೇ ಜಾತಿಯದು: ಅದು ಒಬ್ಬನ ಆಸ್ತಿಯಲ್ಲ, ಒಕ್ಕದ್ದು, ದಾಖಲೆಯಲ್ಲಿ ಪಟ್ಟೆದಾರನ (ಒಕ್ಕದ ಯಜಮಾನ) ಹೆಸರಿರುತ್ತದೆ, ಮಾರುವ ಹಕ್ಕು ಹಿಂದೆ ಯಾರಿಗೂ ಇರಲಿಲ್ಲ. ಮನೆ ಎಂಬರ್ಥದ ಗ್ರೀಕ್ ಪದ ‘ಓಯ್ಕಾಸ್’ನಿಂದ ಸ್ಕ್ರೂಟನ್ ತಮ್ಮ ಮುಖ್ಯ ಪರಿಭಾಷೆಯೊಂದನ್ನು ರೂಪಿಸಿದರು — ‘ಓಯ್ಕೊಫಿಲಿಯಾ’, ಅಂದರೆ ಮನೆಯೊಲವು. ನಮ್ಮ ‘ಒಕ್ಕ’ಕ್ಕೂ ಆ ಗ್ರೀಕ್ ಪದಕ್ಕೂ ಭಾಷಾವಂಶದ ನಂಟೇನೂ ಇಲ್ಲ. ಆದರೂ ಎರಡು ಪದಗಳ ಉಚ್ಚಾರಣೆ ಇಷ್ಟು ಹತ್ತಿರವಿರುವುದು ತರಗತಿಯಲ್ಲಿ ನನಗೆ ತುಂಬ ಉಪಕಾರ ಮಾಡಿದೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಇಲ್ಲಿ ಕೆಲವು ತಪ್ಪು ತಿಳಿವಳಿಕೆಗಳನ್ನು ತೆಗೆದುಹಾಕಬೇಕು. ಬದಲಾವಣೆಯೇ ಬೇಡವೆಂದು ಸ್ಕ್ರೂಟನ್ ಹೇಳಲಿಲ್ಲ; ಬದಲಾಗುವ ಶಕ್ತಿಯಿಲ್ಲದ ವ್ಯವಸ್ಥೆ ಉಳಿಯಲಾರದೆಂಬುದು ಬರ್ಕ್ ಕಾಲದಿಂದಲೂ ಈ ಪಂಥದ ಪಾಠ. ಮಾರುಕಟ್ಟೆಯ ಆರಾಧಕರೂ ಅವರಲ್ಲ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಮಾರ್ಗರೆಟ್ ಥ್ಯಾಚರ್ 1979ರಲ್ಲಿ ಅಧಿಕಾರಕ್ಕೆ ಬಂದ ಮರುವರ್ಷವೇ ಸ್ಕ್ರೂಟನ್ ಕನ್ಸರ್ವೇಟಿವ್ ಚಿಂತನೆಯ ಅರ್ಥವನ್ನು ವಿವರಿಸುವ ಪುಸ್ತಕ ಪ್ರಕಟಿಸಿ, ಎಲ್ಲವನ್ನೂ ವ್ಯಕ್ತಿಸ್ವಾತಂತ್ರ್ಯ ಮತ್ತು ಕೊಡುಕೊಳ್ಳುವಿಕೆಯ ಲೆಕ್ಕಕ್ಕೆ ಇಳಿಸುವವರಿಂದ ತಮ್ಮ ಪಂಥವನ್ನು ಬೇರ್ಪಡಿಸಿದರು. ಮಾರಬಾರದ ವಸ್ತುಗಳಿವೆ ಎಂಬುದು ಅವರ ನಂಬಿಕೆ. ಭಾರತದ ಎಡ–ಬಲದ ನಕ್ಷೆಯ ಮೇಲೆ ಅವರನ್ನು ಗುರುತಿಸಲು ಹೊರಟರೆ ಈ ಕಾರಣದಿಂದಲೇ ಸೋಲುತ್ತೇವೆ.

ಅವರ ಬಾಳಿನಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಅಧ್ಯಾಯ ಪುಸ್ತಕದ್ದಲ್ಲ. ಲಂಡನ್ನಿನಲ್ಲಿ ದುಡಿಯುವವರಿಗಾಗಿ ಸಂಜೆ ತರಗತಿ ನಡೆಸುವ ಬರ್ಕ್‌ಬೆಕ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಸ್ಕ್ರೂಟನ್ 1979ರಲ್ಲಿ ಚೆಕೊಸ್ಲೊವಾಕಿಯಾದ ಪ್ರಾಗ್ ನಗರದ ಒಂದು ಖಾಸಗಿ ಮನೆಗೆ ಉಪನ್ಯಾಸ ನೀಡಲು ಹೋದರು. ಕಮ್ಯುನಿಸ್ಟ್ ಸರ್ಕಾರ ವಿಶ್ವವಿದ್ಯಾಲಯಗಳಿಂದ ಹೊರಹಾಕಿದ ಅಧ್ಯಾಪಕರೂ, ತಂದೆತಾಯಿಯ ರಾಜಕೀಯ ನಿಲುವಿನ ಕಾರಣಕ್ಕೆ ಓದು ನಿಷೇಧಿಸಲ್ಪಟ್ಟ ಮಕ್ಕಳೂ ಅಲ್ಲಿ ಗುಟ್ಟಾಗಿ ಸೇರಿ ಪ್ಲೇಟೋವನ್ನೂ ಕಾಂಟ್‌ನನ್ನೂ ಓದುತ್ತಿದ್ದರು. ಮೆಟ್ಟಿಲ ಬಳಿ ಪೊಲೀಸರಿದ್ದರು. ಮರುವರ್ಷ ಸ್ಕ್ರೂಟನ್ ಮತ್ತು ಆಕ್ಸ್‌ಫರ್ಡಿನ ಕೆಲವರು ಯಾನ್ ಹುಸ್ ಶಿಕ್ಷಣ ಪ್ರತಿಷ್ಠಾನವನ್ನು ಕಟ್ಟಿದರು. ಪುಸ್ತಕಗಳನ್ನು ಗುಟ್ಟಾಗಿ ಸಾಗಿಸುವುದು, ಅಧ್ಯಾಪಕರನ್ನು ಕಳುಹಿಸುವುದು, ಪರೀಕ್ಷೆಗೆ ಏರ್ಪಾಡು ಮಾಡುವುದು ಅದರ ಕೆಲಸ. 1985ರಲ್ಲಿ ಬ್ರ್ನೋ ನಗರದಲ್ಲಿ ಪೊಲೀಸರು ಅವರನ್ನು ಹಿಡಿದು ದೇಶದಿಂದ ಹೊರಗಟ್ಟಿದರು. ಆಡಳಿತ ಬದಲಾದ ಮೇಲೆ, 1998ರಲ್ಲಿ, ಚೆಕ್ ಅಧ್ಯಕ್ಷ ವಾಕ್ಲಾವ್ ಹಾವೆಲ್ ಅವರೇ ಪದಕ ನೀಡಿ ಗೌರವಿಸಿದರು. ಉಳಿಸಿಕೊಳ್ಳುವುದೆಂದರೆ ಕೆಲವೊಮ್ಮೆ ಕಾನೂನು ಮುರಿದು ಮೆಟ್ಟಿಲು ಹತ್ತುವುದು ಎಂಬುದನ್ನು ಅವರು ಮಾಡಿ ತೋರಿಸಿದ್ದರು.

ಈಗ ಕಾಡಿನ ವಿಷಯಕ್ಕೆ ಬರೋಣ; ನಮ್ಮ ಪಾಲಿಗೆ ಅವರ ಚಿಂತನೆಯ ಅತ್ಯಂತ ಫಲವತ್ತಾದ ಭಾಗ ಇದು. ಪರಿಸರ ಕುರಿತು 2012ರಲ್ಲಿ ಬರೆದ ಕೃತಿಯಲ್ಲಿ ಸ್ಕ್ರೂಟನ್ ಕೇಳುವ ಪ್ರಶ್ನೆ ಸರಳ: ಸಾಮಾನ್ಯ ಮನುಷ್ಯ ಯಾವ ಕಾರಣಕ್ಕೆ ಇಂದಿನ ಲಾಭವನ್ನು ಬಿಟ್ಟುಕೊಟ್ಟು ನಾಳೆಯವರಿಗಾಗಿ ಒಂದು ಮರವನ್ನು ಉಳಿಸುತ್ತಾನೆ? ಜಾಗತಿಕ ಒಪ್ಪಂದಗಳಾಗಲಿ ದೂರದ ರಾಜಧಾನಿಯ ಆದೇಶಗಳಾಗಲಿ ಆ ಕಾರಣವನ್ನು ಹುಟ್ಟಿಸಲಾರವು, ತನ್ನದೆಂಬ ನೆಲದ ಮೇಲಿನ ಒಲವು ಮಾತ್ರ ಹುಟ್ಟಿಸಬಲ್ಲದು ಎಂಬುದು ಅವರ ಉತ್ತರ. ಇಂಗ್ಲೆಂಡಿನ ಡರ್ವೆಂಟ್ ನದಿಯ ಕಥೆ ಈ ಉತ್ತರಕ್ಕೆ ಒಳ್ಳೆಯ ಸಾಕ್ಷಿ. ಆ ನದಿಯಲ್ಲಿ ಗಾಳ ಹಾಕಿ ಮೀನು ಹಿಡಿಯುವವರ ಒಂದು ಸಣ್ಣ ಸಂಘ, ಹೊಲಸು ನೀರನ್ನು ಹೊಳೆಗೆ ಬಿಡುತ್ತಿದ್ದ ದೊಡ್ಡ ಕಾರ್ಖಾನೆಯನ್ನೂ ಡರ್ಬಿ ನಗರಾಡಳಿತವನ್ನೂ ನ್ಯಾಯಾಲಯಕ್ಕೆ ಎಳೆದು, 1950ರ ದಶಕದ ಆರಂಭದಲ್ಲಿ ಗೆದ್ದಿತು. ಹೊಳೆ ಉಳಿಸಲು ಮೊದಲು ಎದ್ದು ನಿಂತವರು ಅದರ ದಡದಲ್ಲಿ ಕುಳಿತುಕೊಳ್ಳುತ್ತಿದ್ದವರು.

ಇದನ್ನು ದೇವರಕಾಡುಗಳಿಗೆ ಹೊಂದಿಸಿ ನೋಡಿದರೆ ವಾದ ಮೊದಲು ಗಟ್ಟಿಯಾಗುತ್ತದೆ, ಆಮೇಲೆ ತೊಡಕಾಗುತ್ತದೆ. ಕೊಡಗಿನಲ್ಲಿ ದಾಖಲಾದ ದೇವರಕಾಡುಗಳು 1,200ಕ್ಕೂ ಹೆಚ್ಚು. ದೇವರಕಾಡಿಲ್ಲದ ಊರೇ ಅಪರೂಪ. ಅಯ್ಯಪ್ಪನ ಕಾಡಿನಲ್ಲಿ ಹರಕೆಯ ಮಣ್ಣಿನ ನಾಯಿಗಳ ಸಾಲು, ಭಗವತಿಯ ಕಾಡಿನಲ್ಲಿ ಹಬ್ಬದ ಕಟ್ಟು ಬಿದ್ದ ದಿನದಿಂದ ಊರಿಗೆಲ್ಲ ನಿಯಮ, ಕತ್ತಿ ಕೊಡಲಿಗೆ ಯಾವಾಗಲೂ ನಿಷೇಧ. ಯಾವ ಅರಣ್ಯ ಕಾಯ್ದೆಯೂ ಇಲ್ಲದ ಕಾಲದಲ್ಲಿ ಶತಮಾನಗಳ ಕಾಲ ಇವು ಉಳಿದವು. ಸ್ಕ್ರೂಟನ್ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ತಮ್ಮ ನಾಡಿನಲ್ಲಿಯೂ ಹುಡುಕಲಾರರು. ಆದರೆ 1905ರಲ್ಲಿ ಸುಮಾರು 15,500 ಎಕರೆಯಷ್ಟಿದ್ದ ದೇವರಕಾಡು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಅರ್ಧಕ್ಕಿಂತ ಹೆಚ್ಚು ಹೋಯಿತು. ಒತ್ತುವರಿ ಮಾಡಿ ಕಾಫಿ ನೆಟ್ಟವರಲ್ಲಿ ಹೊರಗಿನವರಷ್ಟೇ ಅಲ್ಲ, ಅದೇ ದೇವರಿಗೆ ಹರಕೆ ಹೊರುವ ಊರಿನವರೂ ಇದ್ದರು.

ಒಲವಿದ್ದೂ ಕಾಡು ಏಕೆ ಹೋಯಿತು? ಈ 80 ವರ್ಷಗಳಲ್ಲಿ ದೇವರಕಾಡುಗಳು ಕಂದಾಯ ಇಲಾಖೆಯ ಕೈಯಲ್ಲಿದ್ದವು. 1985ರಲ್ಲಿ ಅರಣ್ಯ ಇಲಾಖೆಗೆ ಮರಳಿದವು. ದೇವಸ್ಥಾನದ ಹೊಣೆ ತಕ್ಕರ (ಊರಿನ ದೇವಕಾರ್ಯದ ಮುಖ್ಯಸ್ಥರು) ಬಳಿ ಉಳಿಯಿತು, ಮರದ ಹೊಣೆ ಸರ್ಕಾರದ ಕಡತಕ್ಕೆ ಹೋಯಿತು. ಹಬ್ಬ ನಮ್ಮದು, ನೆಲ ಯಾರದೋ ಎಂಬ ಸ್ಥಿತಿಯಲ್ಲಿ ಹಬ್ಬ ಉಳಿದು ನೆಲ ಕರಗಿತು. ಒಲವು ಹೊಣೆಗಾರಿಕೆಯಿಂದ ಬೇರ್ಪಟ್ಟರೆ ಸೊರಗುತ್ತದೆಂದು ಸ್ಕ್ರೂಟನ್ ಪದೇ ಪದೇ ಎಚ್ಚರಿಸಿದ್ದರಿಂದ, ಇಷ್ಟರ ಮಟ್ಟಿಗೆ ದೇವರಕಾಡಿನ ಕಥೆ ಅವರ ಪರವೇ ಆಗಿದೆ. ಆದರೆ ಕಾಫಿಗೆ ಬೆಲೆ ಬಂದಾಗ ಒಲವೊಂದೇ ಕೊಡಲಿಯನ್ನು ತಡೆಯಲಿಲ್ಲ ಎಂಬುದೂ ನಿಜ. ಒಲವಿಗೆ ಕಾವಲಾಗಿ ಕಾನೂನು ಬೇಕೇ ಬೇಕು. ಈ ಮಾತಿಗೆ ಸ್ಕ್ರೂಟನ್ ಕೊಟ್ಟ ಒತ್ತು ಸಾಲದೆಂದು ನನ್ನ ಅಭಿಪ್ರಾಯ.

ಕಾನೂನು ತಪ್ಪು ದಿಕ್ಕಿನಲ್ಲಿ ನಿಂತರೂ ಕಷ್ಟವೇ. ಕಾಫಿ ತೋಟಗಳ ನೆರಳಿಗೆ ಹಿಂದೆ ಬೀಟೆ, ನಂದಿ, ಹಲಸು, ಅತ್ತಿಗಳಿದ್ದವು. ಎಷ್ಟೋ ಬಾಣೆಗಳಲ್ಲಿ ಈ ನಾಡಮರಗಳ ಹಕ್ಕು ಸರ್ಕಾರದ್ದು, ಕಡಿಯಲು ಅನುಮತಿಗಾಗಿ ಅಲೆಯಬೇಕು. ಸಿಲ್ವರ್ ಓಕಿಗೆ ಆ ರಗಳೆಯಿಲ್ಲ, ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೂ ಆಗುತ್ತದೆ. ಹಾಗಾಗಿ ತಾನಾಗಿ ಹುಟ್ಟಿದ ಬೀಟೆಯ ಸಸಿಯನ್ನು ಬೆಳೆಯಗೊಡುವುದಕ್ಕೆ ಬೆಳೆಗಾರನಿಗೆ ಕಾರಣವೇ ಇಲ್ಲವಾಯಿತು. ಮರವನ್ನು ಕಾಯಲೆಂದು ಮಾಡಿದ ನಿಯಮ ಮರ ಮತ್ತು ಮನುಷ್ಯನ ನಂಟನ್ನು ಕಡಿದದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ.

ಸೌಂದರ್ಯದ ಬಗ್ಗೆ ಅವರು ಬರೆದದ್ದು ಅಪಾರ. ಅದರಲ್ಲಿ ನಮಗೆ ಬೇಕಾದದ್ದು ಒಂದೇ ವಿಚಾರ: ಚಿತ್ರವನ್ನು ನೋಡದೆ ಇರಬಹುದು, ಹಾಡನ್ನು ಕೇಳದೆ ಇರಬಹುದು, ಆದರೆ ಕಟ್ಟಡದಿಂದ ತಪ್ಪಿಸಿಕೊಳ್ಳಲಾಗದು, ಆದ್ದರಿಂದ ಮನೆ ಕಟ್ಟುವವನು ದಾರಿಯಲ್ಲಿ ಹೋಗುವ ಅಪರಿಚಿತನಿಗೂ ಉತ್ತರಿಸಬೇಕು. ಮಡಿಕೇರಿಯಲ್ಲಿ ಇಳಿಜಾರನ್ನು ನೇರವಾಗಿ ಕಡಿದು, ಗಾಜು ಮೆತ್ತಿ ಎದ್ದ ಕಟ್ಟಡಗಳನ್ನು ನೋಡುವಾಗ ಈ ಮಾತು ನೆನಪಾಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಜರಿದ ಮೇಲೆ, ನೆಲದ ಇಳಿಜಾರನ್ನು ಗೌರವಿಸಿ ಕಟ್ಟುವುದು ಬರಿಯ ಚೆಲುವಿನ ಪ್ರಶ್ನೆಯಲ್ಲವೆಂದು ಇಲ್ಲಿಯ ಜನಕ್ಕೆ ಯಾರೂ ಹೇಳಬೇಕಾಗಿಲ್ಲ. ಹಳೆಯ ಐನ್‌ಮನೆಗಳು ಗದ್ದೆಯ ಮೇಲೆ, ಗುಡ್ಡದ ಮಡಿಲಲ್ಲಿ, ನೀರಿನ ದಾರಿ ಬಿಟ್ಟು ಕುಳಿತಿರುತ್ತವೆ.

ಚೆಲುವಾದ ಮನೆಗಳನ್ನು ಕಟ್ಟುವುದು ಹೇಗೆಂದು ಸಲಹೆ ನೀಡುವ ಆಯೋಗಕ್ಕೆ ಬ್ರಿಟಿಷ್ ಸರ್ಕಾರ 2018ರಲ್ಲಿ ಸ್ಕ್ರೂಟನ್ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿತು. 2019ರ ಏಪ್ರಿಲಿನಲ್ಲಿ ಪತ್ರಿಕೆಯೊಂದು ಪ್ರಕಟಿಸಿದ ಸಂದರ್ಶನದ ಮಾತುಗಳು ಜನಾಂಗದ್ವೇಷದವೆಂದು ಗದ್ದಲವಾಗಿ, ಕೆಲವೇ ಗಂಟೆಗಳಲ್ಲಿ ಅವರನ್ನು ತೆಗೆದುಹಾಕಲಾಯಿತು. ಧ್ವನಿಮುದ್ರಿಕೆ ಹೊರಬಂದಾಗ ಮಾತುಗಳನ್ನು ಸಂದರ್ಭದಿಂದ ಕತ್ತರಿಸಿದ್ದು ತಿಳಿದು, ಪತ್ರಿಕೆಯೂ ಸಚಿವರೂ ಕ್ಷಮೆ ಕೇಳಿದರು. ಜುಲೈ ತಿಂಗಳಲ್ಲಿ ಅವರು ಮತ್ತೆ ಆಯೋಗಕ್ಕೆ ಬಂದರು. ಆ ವೇಳೆಗೆ ಕಾಯಿಲೆ ಪತ್ತೆಯಾಗಿತ್ತು. ಆಯೋಗದ ಅಂತಿಮ ವರದಿ ಪ್ರಕಟವಾದದ್ದು ಅವರು ತೀರಿಕೊಂಡ 18 ದಿನಗಳ ಮೇಲೆ. ಬೀದಿಗಳಲ್ಲಿ ಲಕ್ಷಾಂತರ ಮರಗಳು, ಪ್ರತಿ ಹೊಸ ಮನೆಗೊಂದು ಹಣ್ಣಿನ ಗಿಡ ಎಂಬ ಸಲಹೆ ಅದರಲ್ಲಿದೆ.

ಸತ್ತವರ ತಪ್ಪುಗಳನ್ನು ಮುಚ್ಚಿಡುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ತಂಬಾಕು ಕಂಪನಿಯೊಂದರಿಂದ ತಿಂಗಳಿಗೆ 4,500 ಪೌಂಡ್ ಪಡೆಯುತ್ತಿದ್ದ ಸ್ಕ್ರೂಟನ್ ಅದನ್ನು ಓದುಗರಿಗೆ ತಿಳಿಸದೆ ಧೂಮಪಾನ ನಿಯಂತ್ರಣದ ವಿರುದ್ಧ ಬರೆದದ್ದು 2002ರಲ್ಲಿ ಬಯಲಾಯಿತು. ಕೆಲವು ಪತ್ರಿಕೆಗಳು ಅವರ ಅಂಕಣ ನಿಲ್ಲಿಸಿದವು. ನಂಬಿಕೆಯನ್ನೇ ಸಮಾಜದ ಬುನಾದಿ ಎಂದವರು ಓದುಗರ ನಂಬಿಕೆಗೆ ಎರವಾದದ್ದು ಸಣ್ಣ ತಪ್ಪಲ್ಲ. ಸಲಿಂಗಿಗಳ ಬಗ್ಗೆ ಅವರು ಒಂದು ಕಾಲದಲ್ಲಿ ಬರೆದದ್ದು ನೋಯಿಸುವಂಥದ್ದು. ಮುಂದೆ ಆ ವಾದವನ್ನು ಅವರೇ ಕೈಬಿಟ್ಟರು. ವಲಸೆ ಬಂದವರ ಬಗ್ಗೆ, ಮುಸ್ಲಿಮರ ಬಗ್ಗೆ ಅವರು ಸಂಪಾದಿಸಿದ ಪತ್ರಿಕೆಯಲ್ಲಿ ಬಂದ ಬರಹಗಳು 1980ರ ದಶಕದಲ್ಲಿ ಎಬ್ಬಿಸಿದ ಗಾಯ ಇನ್ನೂ ಮಾಸಿಲ್ಲ.

ಈ ಕೊನೆಯ ಸಂಗತಿ ಅವರ ತತ್ತ್ವದ ಒಳಗೇ ಇರುವ ಪ್ರಶ್ನೆಯತ್ತ ಕರೆದೊಯ್ಯುತ್ತದೆ. ರಾಜಕೀಯ ನಡೆಯಬೇಕಾದರೆ ಮೊದಲು ‘ನಾವು’ ಎಂಬ ಭಾವ ಇರಬೇಕು ಎನ್ನುತ್ತಾರೆ ಸ್ಕ್ರೂಟನ್. ಇಂಗ್ಲಿಷಿನಲ್ಲಿ ‘ನಾವು’ ಒಂದೇ, ಇಂದಿನ ಕನ್ನಡದಲ್ಲಿಯೂ ಒಂದೇ. ಕೊಡವ ಭಾಷೆಯಲ್ಲಿ ಎರಡಿವೆ: ಕೇಳುವವನನ್ನೂ ಸೇರಿಸಿಕೊಳ್ಳುವ ‘ನಂಗ’, ಕೇಳುವವನನ್ನು ಹೊರಗಿಡುವ ‘ಎಂಗ’. ಸ್ಕ್ರೂಟನ್ ಅವರ ‘ನಾವು’ ಯಾವುದು? ಓದುತ್ತಾ ಹೋದಂತೆ ಒಂದು ಪುಟದಲ್ಲಿ ನಂಗ, ಮರುಪುಟದಲ್ಲಿ ಎಂಗ; ಬದಲಾದದ್ದು ಅವರಿಗೇ ತಿಳಿದಂತಿಲ್ಲ.

ನಮ್ಮಲ್ಲಿಯೂ ಹಾಗೆಯೇ ಆಗಿದೆ. ದೇವರ ಹಬ್ಬದಲ್ಲಿ ಮೇದರ ಡೋಲು ಇಲ್ಲದೆ ಹೆಜ್ಜೆ ಏಳುವುದಿಲ್ಲ, ಪ್ರತಿ ಸಮುದಾಯಕ್ಕೂ ಒಂದು ಕಟ್ಟುಪಾಡಿನ ಕೆಲಸವಿದೆ. ಅದು ಸೇರಿಸಿಕೊಳ್ಳುವ ಮುಖ. ಭೂಮಿಯ ಜೊತೆಗೆ ‘ಜಮ್ಮದ ಆಳು’ಗಳೂ ತಲೆಮಾರಿನಿಂದ ತಲೆಮಾರಿಗೆ ಪಿತ್ರಾರ್ಜಿತವಾಗಿ ಸಾಗುತ್ತಿದ್ದ ಕಾಲವೂ ಇದೇ ಕೊಡಗಿನಲ್ಲಿತ್ತು, ಅದು ಇನ್ನೊಂದು ಮುಖ. ಗದ್ದೆ ಹಸನು ಮಾಡಿದ ಯರವರು, ಕಾಡನ್ನು ಎಲ್ಲರಿಗಿಂತ ಮೊದಲು ಬಲ್ಲ ಜೇನುಕುರುಬರು, ಕಾಫಿ ಕೊಯ್ಯುತ್ತ ಲೈನ್‌ಮನೆಯಲ್ಲಿ ಮೂರು ತಲೆಮಾರು ಕಳೆದವರು — ಪರಂಪರೆಯನ್ನು ಕಟ್ಟಿದವರಲ್ಲಿ ಇವರೂ ಇದ್ದಾರೆ, ಅದರ ವಾರಸುದಾರರ ಪಟ್ಟಿಯಲ್ಲಿ ಮಾತ್ರ ಇಲ್ಲ. ಬರ್ಕ್ ಹೇಳಿದ ಪಾಲುದಾರಿಕೆಯಲ್ಲಿ ಸತ್ತವರಿಗೂ ಪಾಲಿರುವುದಾದರೆ, ಯಾರ ಸತ್ತವರಿಗೆ ಎಂಬುದನ್ನೂ ಕೇಳಲೇಬೇಕಾಗುತ್ತದೆ.

ಕಳೆದ ವರ್ಷ ಬರ್ಕ್ ಪಾಠದ ದಿನ, ಕಾಡಂಚಿನ ಆದಿವಾಸಿ ಹಾಡಿಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಇದನ್ನೇ ಕೇಳಿದಳು. ತನ್ನ ಹಿರಿಯರನ್ನು ಮಣ್ಣು ಮಾಡಿದ ಜಾಗ ಈಗ ಅಭಯಾರಣ್ಯದ ಒಳಗಿದೆ, ಮನೆ ಹೊರಗಿದೆ. ಹಾಗಾದರೆ ತಾವು ಯಾವುದರ ವಾರಸುದಾರರು ಎಂದು ಕೇಳಿದಳು. ಸ್ಕ್ರೂಟನ್ ಪುಟಗಳಲ್ಲಿ ಅದಕ್ಕೆ ನೇರ ಉತ್ತರ ಸಿಗಲಿಲ್ಲ. ನಾನು ತೋರಿಸಿದ್ದು 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳನ್ನು. ಕಾಗದಪತ್ರ ಇಲ್ಲದವರು ತಮ್ಮ ಹಕ್ಕನ್ನು ಸಾಧಿಸಲು ಕೊಡಬಹುದಾದ ಪುರಾವೆಗಳಲ್ಲಿ ಹಳೆಯ ಬಾವಿ, ಸ್ಮಶಾನ, ಪೂಜೆಯ ಜಾಗಗಳೂ ಹಿರಿಯರು ನೆನಪಿನಿಂದ ನೀಡಿದ ಹೇಳಿಕೆಯೂ ಸೇರಿವೆ ಎಂದು ಅಲ್ಲಿ ಬರೆದಿದೆ. ಆಕೆ ಆ ಸಾಲನ್ನು ಎರಡು ಸಲ ಓದಿ, ಪುಸ್ತಕದಲ್ಲಿ ಬರೆದುಕೊಂಡು, “ನಮ್ಮ ಅಜ್ಜಿಗೆ ಆ ಜಾಗಗಳೆಲ್ಲ ಗೊತ್ತು ಸರ್” ಎಂದಳು.